ಒಂಬತ್ತು ರನ್, ಆರು ಎಸೆತ, ಎರಡು ನಿಷ್ಠೆ: ದಾವಣಗೆರೆಯ ಒಂದು ಪ್ರಕರಣ

ಪ್ರಕರಣ

2014ರ ಏಪ್ರಿಲ್ 24, ಗುರುವಾರ. ಡಾ. ರಾಜ್‌ಕುಮಾರ್ ಹುಟ್ಟುಹಬ್ಬದ ದಿನ. ಲೋಕಸಭಾ ಚುನಾವಣೆಯಿಂದಾಗಿ ಆ ವರ್ಷದ ಐಪಿಎಲ್‌ನ ಮೊದಲ ಭಾಗ ಯುಎಇಗೆ ಹೋಗಿತ್ತು. ಕರ್ನಾಟಕದಲ್ಲಿ ಮತದಾನ ಮುಗಿದು ಅಂದಿಗೆ ಸರಿಯಾಗಿ ಒಂದು ವಾರ. ಶಾರ್ಜಾದಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ 7 ವಿಕೆಟ್‌ಗೆ 150 ಮಾಡಿತ್ತು. ಬೆನ್ನಟ್ಟಿದ ಆರ್‌ಸಿಬಿಗೆ ಕೊನೆಯ ಓವರ್‌ನಲ್ಲಿ ಬೇಕಿದ್ದದ್ದು 9 ರನ್. ಕೈಯಲ್ಲಿ ಆರು ವಿಕೆಟ್, ಕ್ರೀಸ್‌ನಲ್ಲಿ ಎಬಿ ಡಿವಿಲಿಯರ್ಸ್. ಕೋಲ್ಕತ್ತ ಪರ ಚೆಂಡು ಕೈಗೆತ್ತಿಕೊಂಡವರು ಆರ್. ವಿನಯ್ ಕುಮಾರ್, ದಾವಣಗೆರೆಯವರು, ಆಟೋ ಚಾಲಕರ ಮಗ, ಆಗಿನ ಕರ್ನಾಟಕ ರಣಜಿ ತಂಡದ ನಾಯಕ. ಕ್ರಿಕೆಟ್ ಲೋಕ ಅವರನ್ನು ಕರೆಯುತ್ತಿದ್ದದ್ದೇ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು.

ಆ ಓವರ್‌ನಲ್ಲಿ ಬಂದದ್ದು ಆರು ರನ್. ಡಿವಿಲಿಯರ್ಸ್ ಎತ್ತಿ ಹೊಡೆದ ಚೆಂಡು ಸಿಕ್ಸರ್ ಆಗುವಂತಿತ್ತು. ಗೆರೆಯ ಹತ್ತಿರ ಕ್ರಿಸ್ ಲಿನ್ ಕಾಲು ಜಾರಿದರು, ಜಾರುತ್ತಲೇ ಹಿಂದಕ್ಕೆ ಬಾಗಿ, ಕೈ ಚಾಚಿ ಹಿಡಿದರು. ಆರ್‌ಸಿಬಿ 5 ವಿಕೆಟ್‌ಗೆ 148ಕ್ಕೆ ನಿಂತಿತು. ಸೋಲು ಎರಡು ರನ್‌ನಿಂದ.

ಈ ಅಧ್ಯಯನಕ್ಕೆ ಬೇಕಾದದ್ದು ಆ ಆರು ಎಸೆತಗಳ ಹೊತ್ತು ದಾವಣಗೆರೆಯಲ್ಲಿ ಟಿವಿ ಮುಂದೆ ಕೂತ ಅಭಿಮಾನಿಯ ಪರಿಸ್ಥಿತಿ. ಅವನ ತಂಡ ಆರ್‌ಸಿಬಿ, ಅವನ ಊರ ಹುಡುಗ ವಿನಯ್. ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ದೊಡ್ಡ ನಗರದ ಅಭಿಮಾನಿಗೆ ಈ ಸಂಕಟ ಅಪರೂಪ. ಜಿಲ್ಲಾ ಕೇಂದ್ರದ ಅಭಿಮಾನಿಗೆ ಇದು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಭಾವುಕತೆಯೊಂದೇ ಕಾರಣವಲ್ಲ, ಲೀಗ್ ಕಟ್ಟಿರುವ ರೀತಿಯೂ ಕಾರಣ.

ಊರಿಗೆ ತಂಡವಿಲ್ಲ, ಮನುಷ್ಯ ಇದ್ದಾನೆ

ದಾವಣಗೆರೆಗೆ ಕ್ರಿಕೆಟ್ ಹುಚ್ಚು ಕಡಿಮೆಯಿಲ್ಲ. ಹೈಸ್ಕೂಲ್ ಮೈದಾನದಲ್ಲಿ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಿ ಇದ್ದರೆ ನಡುರಾತ್ರಿಯಾದರೂ ಜನ ಕದಲುವುದಿಲ್ಲ; ಮಂಡಕ್ಕಿ-ಮಿರ್ಚಿ ಗಾಡಿಗಳಿಗೆ ಅಂದು ಬಿಡುವಿರುವುದಿಲ್ಲ. ಆದರೆ ಊರಿನ ಹೆಸರು ಎದೆಯ ಮೇಲೆ ಹೊತ್ತು ಆಡುವ ತಂಡ ಇದ್ದದ್ದು ಕೆಲವೇ ವರ್ಷ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ದಾವಣಗೆರೆ ಡೈಮಂಡ್ಸ್ ಅದರಲ್ಲಿತ್ತು. ಲೀಗ್ ನಡುವೆ ಎರಡು ವರ್ಷ ನಿಂತು 2014ರಲ್ಲಿ ಮತ್ತೆ ಬಂದಾಗ ಮೈಸೂರು, ಬೆಳಗಾವಿ, ವಿಜಯಪುರ, ಹುಬ್ಬಳ್ಳಿ, ಮಂಗಳೂರು, ಬಳ್ಳಾರಿ ಎಲ್ಲವೂ ಇದ್ದವು, ದಾವಣಗೆರೆ ಇರಲಿಲ್ಲ. 2022ರಲ್ಲಿ ಆರಂಭವಾದ ರಾಜ್ಯದ ಈಗಿನ ಲೀಗ್ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲೂ ಇಲ್ಲ. ಮಗ್ಗುಲಿನ ಶಿವಮೊಗ್ಗ ಮತ್ತು ಹುಬ್ಬಳ್ಳಿಗೆ ತಂಡ ಇದೆ, ನಡುವಿನ ದಾವಣಗೆರೆಗಿಲ್ಲ. ಚಿತ್ರದುರ್ಗದ ಕಥೆಯೂ ಇದೇ.

ತಂಡ ಇಲ್ಲದ ಊರು ತನ್ನ ನಿಷ್ಠೆಯನ್ನು ಎರಡು ಕಡೆ ಕಟ್ಟುತ್ತದೆ. ಒಂದು ರಾಜಧಾನಿಯ ತಂಡಕ್ಕೆ. ಅದು 260 ಕಿಲೋಮೀಟರ್ ದೂರದಲ್ಲಿದೆ. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗಬೇಕೆಂದರೆ ಒಂದು ದಿನದ ದುಡಿಮೆ ಬಿಡಬೇಕು, ರಾತ್ರಿ ಪಂದ್ಯ ಮುಗಿದ ಮೇಲೆ ಮೆಜೆಸ್ಟಿಕ್‌ಗೆ ಓಡಿ ಬಸ್ಸು ಹಿಡಿಯಬೇಕು, ಬೆಳಗಿನ ಜಾವ ಊರು ಸೇರಬೇಕು. ಹೆಚ್ಚಿನವರಿಗೆ ಆ ತಂಡ ಜೀವನವಿಡೀ ಟಿವಿಯಲ್ಲೇ ಇರುತ್ತದೆ. ಇನ್ನೊಂದು ಕಟ್ಟು ತನ್ನ ಮಣ್ಣಿನಿಂದ ಎದ್ದ ಆಟಗಾರನಿಗೆ. ಅವನ ಮನೆ ಗೊತ್ತು, ಅವನು ಆಡಿದ ಮೈದಾನ ಗೊತ್ತು, ಅವನ ಜೊತೆ ಆಡಿದವರು ಇವತ್ತಿಗೂ ಅಂಗಡಿ ಇಟ್ಟುಕೊಂಡಿದ್ದಾರೆ. ಮೊದಲನೆಯದು ಬಾವುಟದ ನಿಷ್ಠೆ, ಎರಡನೆಯದು ಮುಖದ ನಿಷ್ಠೆ. 2008ರಿಂದ 2010ರವರೆಗೆ ಮತ್ತು 2012, 2013ರಲ್ಲಿ ವಿನಯ್ ಆರ್‌ಸಿಬಿಯಲ್ಲೇ ಇದ್ದರು. ಆಗ ಎರಡೂ ಕಟ್ಟು ಒಂದೇ ಕಂಬಕ್ಕೆ ಇದ್ದವು. ನಡುವೆ 2011ರಲ್ಲಿ ಒಂದೇ ಒಂದು ವರ್ಷ ಬದುಕಿದ ಕೊಚ್ಚಿ ಟಸ್ಕರ್ಸ್‌ಗೆ ಹೋಗಿ ಬಂದರು. ಅದನ್ನು ಊರು ದೊಡ್ಡದು ಮಾಡಲಿಲ್ಲ.

ಹರಾಜು ಮಾಡಿದ ಗಾಯ

ಈ ಪ್ರಕರಣದ ಬೇರು ಶಾರ್ಜಾದಲ್ಲಿಲ್ಲ. ಅದು ಬೆಂಗಳೂರಿನಲ್ಲಿದೆ, 2014ರ ಫೆಬ್ರವರಿಯಲ್ಲಿ.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಫೆಬ್ರವರಿ 2ರಂದು ಹೈದರಾಬಾದ್‌ನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್‌ನಿಂದ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಎತ್ತಿತು. 1998-99ರ ನಂತರ ಬಂದ ಮೊದಲ ಕಿರೀಟ; ನಾಯಕ ವಿನಯ್. ಅದಾದ ಹತ್ತು ದಿನಕ್ಕೆ, ಫೆಬ್ರವರಿ 12 ಮತ್ತು 13ರಂದು, ಬೆಂಗಳೂರಿನಲ್ಲೇ ಐಪಿಎಲ್ ಹರಾಜು. ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು: ಕೊಹ್ಲಿ, ಗೇಲ್, ಡಿವಿಲಿಯರ್ಸ್. ಹಿಂದಿನ ವರ್ಷ ತಂಡಕ್ಕೆ 23 ವಿಕೆಟ್ ತೆಗೆದುಕೊಟ್ಟಿದ್ದ ವಿನಯ್ ಹರಾಜಿನ ಪಟ್ಟಿಗೆ ಹೋದರು. ಪ್ರತಿ ಫ್ರಾಂಚೈಸಿಯ ಚೀಲದಲ್ಲಿ 60 ಕೋಟಿ. ಅದರಲ್ಲಿ 14 ಕೋಟಿಯನ್ನು ಆರ್‌ಸಿಬಿ ಯುವರಾಜ್ ಸಿಂಗ್ ಒಬ್ಬರಿಗೇ ಕೊಟ್ಟಿತು. ವಿನಯ್ 2.8 ಕೋಟಿಗೆ ಕೋಲ್ಕತ್ತಕ್ಕೆ ಹೋದರು. ರಾಬಿನ್ ಉತ್ತಪ್ಪ, ಮನೀಷ್ ಪಾಂಡೆ ಕೂಡ ಅಲ್ಲಿಗೇ. ಆ ವರ್ಷದ ಕೋಲ್ಕತ್ತ ತಂಡದಲ್ಲಿ ಸಿಗುವಷ್ಟು ಕನ್ನಡ ಆರ್‌ಸಿಬಿಯಲ್ಲಿ ಸಿಗುತ್ತಿರಲಿಲ್ಲ.

ಫ್ರಾಂಚೈಸಿಯ ಕಡೆಯಿಂದ ನೋಡಿದರೆ ಇದರಲ್ಲಿ ದ್ರೋಹವೇನೂ ಇಲ್ಲ. ಹರಾಜು ಎಂದರೆ ಒಂದು ಚೀಲ, ಹತ್ತಾರು ಖಾಲಿ ಜಾಗ, ಎರಡು ದಿನ. ಸ್ಥಳೀಯ ಆಟಗಾರರಿಗೆ ಜಾಗ ಕೊಡಬೇಕೆಂದು ಮೊದಲ ವರ್ಷಗಳಲ್ಲಿ ಇದ್ದ ನಿಯಮ ಆ ಹೊತ್ತಿಗೆ ಉಳಿದಿರಲಿಲ್ಲ. ಕೂಗುವ ಮೇಜಿನ ಮೇಲೆ ‘ನಮ್ಮೂರಿನವನು’ ಎಂಬ ಕಾಲಂ ಇಲ್ಲ. ಆದರೆ ಅಭಿಮಾನಿಯ ಲೆಕ್ಕದಲ್ಲಿ ಅದೇ ಮೊದಲ ಕಾಲಂ. ಈ ಎರಡು ಲೆಕ್ಕಗಳ ನಡುವಿನ ಅಂತರ ಹರಾಜಿನ ದಿನ ಅರ್ಥವಾಗುವುದಿಲ್ಲ. ಅರ್ಥವಾಗುವುದು ಎರಡು ತಿಂಗಳ ನಂತರ, ಕೊನೆಯ ಓವರ್‌ನಲ್ಲಿ.

19 ಓವರ್‌ವರೆಗೆ ಎರಡೂ ಸಾಧ್ಯ

ಇಂಥ ಪಂದ್ಯದಲ್ಲಿ ದಾವಣಗೆರೆಯ ಅಭಿಮಾನಿ ಹೂಡುವ ಉಪಾಯ ಒಂದೇ: ವಿನಯ್ ಚೆನ್ನಾಗಿ ಹಾಕಲಿ, ಆರ್‌ಸಿಬಿ ಗೆಲ್ಲಲಿ. ಇದು ಅಸಾಧ್ಯವೇನಲ್ಲ. ಒಬ್ಬ ಬೌಲರ್‌ಗೆ ಇರುವುದು 120 ಎಸೆತಗಳಲ್ಲಿ 24. ಅವನು ತನ್ನ 4 ಓವರ್‌ಗೆ 25 ರನ್ ಕೊಟ್ಟು ಎರಡು ವಿಕೆಟ್ ತೆಗೆದರೂ ಉಳಿದ 96 ಎಸೆತಗಳಲ್ಲಿ ಎದುರಾಳಿ ಗೆಲ್ಲಬಹುದು. ಪವರ್‌ಪ್ಲೇಯಲ್ಲಿ ವಿಕೆಟ್ ಬಿದ್ದರೆ ಚಪ್ಪಾಳೆ, ಮುಂದಿನ ಓವರ್‌ನಲ್ಲಿ ಕೊಹ್ಲಿ ಬೌಂಡರಿ ಹೊಡೆದರೆ ಮತ್ತೆ ಚಪ್ಪಾಳೆ. ಎರಡು ಖಾತೆ, ಎರಡರಲ್ಲೂ ಜಮೆ.

20ನೇ ಓವರ್‌ನಲ್ಲಿ ಈ ಏರ್ಪಾಡು ಮುರಿಯುತ್ತದೆ. ಆಗ ಒಂದು ಡಾಟ್ ಬಾಲ್, ಅಂದರೆ ರನ್ ಬಾರದ ಎಸೆತ, ಒಂದು ಖಾತೆಗೆ ಜಮೆ, ಇನ್ನೊಂದಕ್ಕೆ ಅಷ್ಟೇ ಖರ್ಚು. ಮಧ್ಯದ ಜಾಗ ಉಳಿಯುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತವರು ಮೂರು ಪಂಗಡವಾಗುವುದು ಈ ಹೊತ್ತಿನಲ್ಲೇ. ಬಾವುಟದವರು ‘ಹೊಡಿಯಲೇ ಎಬಿ’ ಎನ್ನುತ್ತಾರೆ. ಮುಖದವರು ‘ಯಾರ್ಕರ್ ಹಾಕಲೇ ವಿನಿ’ ಎನ್ನುತ್ತಾರೆ. ಮೂರನೆಯವರು ಬಾಯಿ ಬಿಡುವುದಿಲ್ಲ. ಸಾಮಾನ್ಯವಾಗಿ ಇವರೇ ಹೆಚ್ಚು. ಹೊರಗಿನಿಂದ ನೋಡಿದವರಿಗೆ ಅವರ ಮೌನ ಆಸಕ್ತಿ ಇಲ್ಲದ್ದರಂತೆ ಕಾಣಬಹುದು. ಏನಾದರೂ ತಾನು ಸೋಲುತ್ತೇನೆ ಎಂಬ ಲೆಕ್ಕ ಸಿಕ್ಕಿದವನ ಮೌನ ಅದು.

ಶಾರ್ಜಾದಲ್ಲಿ ಇನ್ನೊಂದು ತೊಡಕೂ ಇತ್ತು. ಕೈಯಲ್ಲಿ ಆರು ವಿಕೆಟ್ ಇದ್ದು 6 ಎಸೆತಕ್ಕೆ 9 ಎಂದರೆ ಬ್ಯಾಟಿಂಗ್ ತಂಡದ ಕೈ ಮೇಲು. ಒಂದು ಸಿಕ್ಸರ್ ಮತ್ತು ಮೂರು ಒಂಟಿ ರನ್ ಸಾಕು. ಎರಡು ಬೌಂಡರಿ ಬಂದರೆ ಉಳಿಯುವುದು ಒಂದೇ ರನ್. ಹಾಗಾಗಿ ಬಾವುಟದವರು ಗೆಲುವನ್ನು ಆಗಲೇ ಜೇಬಿಗೆ ಹಾಕಿಕೊಂಡಿದ್ದರು. ಕೈಗೆ ಬಂದದ್ದು ಹೋದಾಗ ಆಗುವ ನೋವು ಬರಲೇ ಇಲ್ಲದ್ದರ ನೋವಿಗಿಂತ ಹೆಚ್ಚು. ಅದನ್ನು ಕಿತ್ತುಕೊಂಡವನು ಅವರ ಊರಿನವನೇ ಆಗಿದ್ದ.

‘ಯಾರ್ಕರ್ ಹಾಕಲೇ’ ಎನ್ನುವಷ್ಟು ಸುಲಭವಲ್ಲ

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾರ್ಕರ್ ಎಂದರೆ ಬ್ಯಾಟ್ಸ್‌ಮನ್‌ನ ಬೂಟಿನ ಬುಡದಲ್ಲೇ ನೆಲ ಮುಟ್ಟುವ ಎಸೆತ. ಅಭಿಮಾನಿಯ ಸಿಟ್ಟಿನಲ್ಲಿ ದೊಡ್ಡ ಪಾಲು ಈ ಒಂದು ಎಸೆತದ ಬಗೆಗಿನ ತಪ್ಪು ತಿಳಿವಳಿಕೆಯಿಂದ ಹುಟ್ಟುತ್ತದೆ.

ವಿನಯ್ ಮಧ್ಯಮ ವೇಗಿ. ಗಂಟೆಗೆ 130 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 36 ಮೀಟರ್. ಚೆಂಡು ಕೈ ಬಿಡುವ ಎತ್ತರ ಸುಮಾರು 2.1 ಮೀಟರ್. ಅಲ್ಲಿಂದ ಬ್ಯಾಟ್ಸ್‌ಮನ್‌ನ ಬೂಟಿನ ತುದಿಗೆ ಹದಿನೇಳೂವರೆ ಮೀಟರ್. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಚೆಂಡು ಅರ್ಧ ಸೆಕೆಂಡಿನಲ್ಲಿ ಅಲ್ಲಿಗೆ ಮುಟ್ಟುತ್ತದೆ. ಅಷ್ಟರಲ್ಲಿ ಗುರುತ್ವಾಕರ್ಷಣೆಯೇ ಅದನ್ನು 1.15 ಮೀಟರ್ ಕೆಳಗೆ ಎಳೆದಿರುತ್ತದೆ. ಉಳಿದ ಇಳಿತಕ್ಕೆ ಬೌಲರ್ ಸುಮಾರು 3 ಡಿಗ್ರಿ ಕೆಳಮುಖವಾಗಿ ಬಿಡಬೇಕು. ಇದು ಸರಿಯಾದ ಯಾರ್ಕರ್.

ಈಗ ಒಂದೇ ಒಂದು ಡಿಗ್ರಿ ತಪ್ಪಲಿ. ಒಂದು ಡಿಗ್ರಿ ಕೆಳಗೆ ಹೋದರೆ ಚೆಂಡು ಒಂದೂವರೆ ಮೀಟರ್ ಮೊದಲೇ ನೆಲ ಮುಟ್ಟುತ್ತದೆ. ಅದು ಬ್ಯಾಟಿನ ಬುಡಕ್ಕೆ ಹೇಳಿ ಮಾಡಿಸಿದ ಹಾಫ್ ವಾಲಿ. ಒಂದು ಡಿಗ್ರಿ ಮೇಲೆ ಹೋದರೆ ನೆಲ ಮುಟ್ಟದೆ ಮೊಣಕಾಲಿನ ಕೆಳಗೆ, ಒಂದಡಿ ಎತ್ತರದಲ್ಲಿ ಫುಲ್ ಟಾಸ್ ಆಗಿ ಬರುತ್ತದೆ. ಮೂರು ಡಿಗ್ರಿ ಮೇಲೆ ಹೋದರೆ ಸೊಂಟದ ಎತ್ತರ, ಅಂದರೆ ನೋಬಾಲ್. ಅತ್ಯುತ್ತಮ ಎಸೆತಕ್ಕೂ ಮರುದಿನ ಊರಿಡೀ ಬೈಸಿಕೊಳ್ಳುವ ಎಸೆತಕ್ಕೂ ನಡುವಿನ ಅಂತರ ಬೆರಳ ತುದಿಯಲ್ಲಿ ಇಷ್ಟೇ. ಬೆರಳು ಒದ್ದೆಯಾದರೆ ಚೆಂಡು ಬೇಗ ಜಾರುತ್ತದೆ. ಬೇಗ ಜಾರಿದ ಚೆಂಡು ಯಾವಾಗಲೂ ಮೇಲಕ್ಕೇ ಹೋಗುತ್ತದೆ. ರಾತ್ರಿ ಪಂದ್ಯಗಳಲ್ಲಿ ಕೊನೆಯ ಓವರ್‌ನ ಫುಲ್ ಟಾಸ್‌ಗಳಿಗೆ ಇದು ಸಾಮಾನ್ಯ ಕಾರಣ. ಇಬ್ಬನಿ, ಬೆವರು, ಎರಡೂ ಒಂದೇ ಕೆಲಸ ಮಾಡುತ್ತವೆ.

ದಾವಣಗೆರೆಯ ಪ್ರೇಕ್ಷಕನಿಗೆ ಇದು ಒಪ್ಪಿಗೆಯಾಗದಿರಲು ಒಂದು ನಿರ್ದಿಷ್ಟ ಕಾರಣವಿದೆ. ಅವನ ಕಣ್ಣು ಪಳಗಿರುವುದು ಟೆನಿಸ್ ಬಾಲ್‌ನಲ್ಲಿ. ಸಾಮಾನ್ಯ ಟೆನಿಸ್ ಚೆಂಡಿನ ತೂಕ 58 ಗ್ರಾಂ ಆಸುಪಾಸು, ಲೆದರ್ ಚೆಂಡಿನದು 156ರಿಂದ 163 ಗ್ರಾಂ. ಟೂರ್ನಿಯ ಗಟ್ಟಿ ಟೆನಿಸ್ ಚೆಂಡು ಇವೆರಡರ ನಡುವೆ. ಹಗುರ ಚೆಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಂಡು ಕೊನೆಗೆ ಕುಸಿಯುತ್ತದೆ. ಸ್ವಲ್ಪ ಮೇಲೆ ಬಿಟ್ಟದ್ದೂ ಬೂಟಿನ ಹತ್ತಿರ ಇಳಿಯುತ್ತದೆ. ಫುಲ್ ಟಾಸ್ ಆದರೂ ಹೊಡೆದದ್ದು ಗೆರೆ ದಾಟುವುದು ಕಷ್ಟ. ಲೆದರ್ ಚೆಂಡು ಈ ಕ್ಷಮೆ ಕೊಡುವುದಿಲ್ಲ. ಹೈಸ್ಕೂಲ್ ಮೈದಾನದಲ್ಲಿ ಸತತ ಆರು ಯಾರ್ಕರ್ ಹಾಕಿದ ಹುಡುಗನನ್ನು ನೋಡಿದವನಿಗೆ ಐಪಿಎಲ್ ಬೌಲರ್ ಎರಡು ಹಾಕಿದ್ದು ಕಡಿಮೆ ಎನಿಸುವುದು ಸಹಜ, ಆದರೆ ಅದು ತಪ್ಪು ಅಳತೆ.

ಡಿವಿಲಿಯರ್ಸ್ ಎದುರು 9 ರನ್ ಉಳಿಸುವುದನ್ನು ಈ ಅಳತೆಯಲ್ಲಿ ನೋಡಬೇಕು. ಅವರಂಥ ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಮುಂದೆ ಬಂದು ಯಾರ್ಕರ್ ಅನ್ನು ಫುಲ್ ಟಾಸ್ ಮಾಡಿಕೊಳ್ಳಬಲ್ಲರು, ಹಿಂದೆ ಸರಿದು ಹಾಫ್ ವಾಲಿ ಮಾಡಿಕೊಳ್ಳಬಲ್ಲರು. ವೇಗ ಸಾಲದ ಬೌಲರ್‌ಗೆ ಉಳಿಯುವ ದಾರಿ ವೇಗ ಬದಲಿಸುವುದು, ಲೆಗ್ ಕಟರ್ ಹಾಕುವುದು, ಉದ್ದನೆಯ ಬೌಂಡರಿಯ ಕಡೆಗೇ ಹೊಡೆಯುವಂತೆ ಮಾಡುವುದು, ಗೆರೆಯ ಮೇಲೆ ಒಳ್ಳೆಯ ಫೀಲ್ಡರ್ ನಿಲ್ಲಿಸುವುದು. ಐದು ಜನರನ್ನು ಮಾತ್ರ ವೃತ್ತದ ಹೊರಗೆ ಇಡಬಹುದು, ಆದ್ದರಿಂದ ಯಾವ ಕಡೆ ಖಾಲಿ ಬಿಡುತ್ತೇವೆ ಎಂಬುದೇ ಯೋಜನೆ. ಲಿನ್ ಹಿಡಿದದ್ದು ಅದ್ಭುತ, ಅನುಮಾನವೇ ಇಲ್ಲ. ಅಷ್ಟೇ ನಿಜ: ಚೆಂಡು ಅವರಿದ್ದ ಕಡೆಗೆ, ಗೆರೆ ದಾಟಲು ಒಂದಿಷ್ಟೇ ಕಡಿಮೆಯಾಗುವಂತೆ ಹೋಯಿತು. ಆ ಒಂದಿಷ್ಟು ಬೌಲರ್‌ನ ದುಡಿಮೆ.

ಹೆಸರು ಯಾರಿಗೆ ಹೋಯಿತು

ಪಂದ್ಯಶ್ರೇಷ್ಠ ಲಿನ್. ಮರುದಿನದ ಎಲ್ಲ ಚಿತ್ರಗಳಲ್ಲೂ ಲಿನ್. ಇವತ್ತಿಗೂ ಆ ಪಂದ್ಯದ ಗುರುತು ‘ಲಿನ್ ಕ್ಯಾಚ್’. ಸ್ಕೋರ್‌ಕಾರ್ಡಿನ ಸಾಲಿನಲ್ಲಿ ಕ್ಯಾಚ್ ಲಿನ್, ಬೌಲ್ಡ್ ವಿನಯ್ ಕುಮಾರ್ ಎಂದು ಎರಡು ಹೆಸರಿವೆ. ಜನರ ನೆನಪಿನಲ್ಲಿ ಒಂದೇ.

ಇದರಿಂದ ದಾವಣಗೆರೆಯ ಮುಖದ ನಿಷ್ಠೆಯವನಿಗೆ ದಕ್ಕಿದ್ದೇನು? ತನ್ನ ತಂಡವನ್ನು ಬಿಟ್ಟುಕೊಟ್ಟು ಊರ ಹುಡುಗನ ಪರ ನಿಂತ. ಹುಡುಗ ಗೆದ್ದ. ಆದರೆ ಗೆಲುವಿನ ಕೀರ್ತಿ ಬ್ರಿಸ್ಬೇನ್‌ನ ಫೀಲ್ಡರ್‌ಗೆ ಹೋಯಿತು. ಬಾವುಟದವರು ಮಾತ್ರ ವಿನಯ್ ಹೆಸರನ್ನು ಮರೆಯಲಿಲ್ಲ: ‘ನಮ್ಮೋನೇ ನಮ್ಗೆ ಇಟ್ಟ.’ ಈ ಮಾತಿನಲ್ಲಿ ಮೆಚ್ಚುಗೆಯೂ ಇದೆ, ನೋವೂ ಇದೆ. ದಾವಣಗೆರೆಯ ಕಿವಿಗೆ ಎರಡೂ ಕೇಳುತ್ತವೆ.

ಆ ವರ್ಷ ಆರ್‌ಸಿಬಿ ಏಳನೇ ಸ್ಥಾನದಲ್ಲಿ ಮುಗಿಸಿತು. ಕೋಲ್ಕತ್ತ ಕಪ್ ಗೆದ್ದಿತು, ಅದೂ ಜೂನ್ 1ರಂದು ಚಿನ್ನಸ್ವಾಮಿಯಲ್ಲೇ, ಮನೀಷ್ ಪಾಂಡೆಯ 94 ರನ್ ಬಲದಿಂದ. ಉತ್ತಪ್ಪ 660 ರನ್ ಮಾಡಿ, ಅತಿ ಹೆಚ್ಚು ರನ್ ಮಾಡಿದವರಿಗೆ ಸಿಗುವ ಆರೆಂಜ್ ಕ್ಯಾಪ್ ತೊಟ್ಟರು. ಕನ್ನಡಿಗರು ಬೆಂಗಳೂರಿನಲ್ಲಿ ಐಪಿಎಲ್ ಕಪ್ ಎತ್ತಿದ ಆ ರಾತ್ರಿ ಅವರ ಅಂಗಿಯ ಬಣ್ಣ ನೇರಳೆ ಆಗಿತ್ತು. ಆರ್‌ಸಿಬಿ ಅಭಿಮಾನಿಗೆ ಇದಕ್ಕಿಂತ ಗೊಂದಲದ ರಾತ್ರಿ ಇರಲಾರದು.

ನಾಲ್ಕು ವರ್ಷದ ನಂತರ, ತಿರುವು

ಪ್ರಕರಣ 2014ಕ್ಕೇ ಮುಗಿದಿದ್ದರೆ ಅದನ್ನು ಒಂದು ವಿಚಿತ್ರ ಸಂಜೆ ಎಂದು ಬಿಡಬಹುದಿತ್ತು. 2018ರ ಏಪ್ರಿಲ್ ಅದಕ್ಕೆ ಎರಡನೇ ಭಾಗ ಬರೆಯಿತು.

ಮೂರು ವರ್ಷ ಮುಂಬೈಗೆ ಆಡಿ ವಿನಯ್ ಕೋಲ್ಕತ್ತಕ್ಕೆ ಮರಳಿದ್ದರು. ಏಪ್ರಿಲ್ 8ರಂದು ಈಡನ್ ಗಾರ್ಡನ್ಸ್‌ನಲ್ಲಿ ಮತ್ತೆ ಆರ್‌ಸಿಬಿ ಎದುರು. 4 ಓವರ್, 30 ರನ್, 2 ವಿಕೆಟ್. ಕೋಲ್ಕತ್ತ 4 ವಿಕೆಟ್‌ನಿಂದ ಗೆದ್ದಿತು. ಎರಡೇ ದಿನದ ನಂತರ ಚೆಪಾಕ್. ಎರಡು ವರ್ಷದ ನಿಷೇಧ ಮುಗಿಸಿ ಬಂದ ಚೆನ್ನೈ ತಂಡದ ಮೊದಲ ತವರು ಪಂದ್ಯ. ಹೊರಗೆ ಕಾವೇರಿ ಪ್ರತಿಭಟನೆ ಎಷ್ಟು ಬಿಸಿಯಿತ್ತೆಂದರೆ ನಂತರದ ತವರು ಪಂದ್ಯಗಳನ್ನು ಪುಣೆಗೆ ಸಾಗಿಸಬೇಕಾಯಿತು. ಆಂಡ್ರೆ ರಸೆಲ್ 36 ಎಸೆತಕ್ಕೆ 88 ಹೊಡೆದು ಕೋಲ್ಕತ್ತವನ್ನು 202ಕ್ಕೆ ಮುಟ್ಟಿಸಿದರು. ಚೆನ್ನೈಗೆ ಕೊನೆಯ ಓವರ್‌ನಲ್ಲಿ 17 ಬೇಕಿತ್ತು. ಇಡೀ ಇನಿಂಗ್ಸ್‌ನಲ್ಲಿ ಒಂದೇ ಓವರ್ ಹಾಕಿದ್ದ ವಿನಯ್ ಕೈಗೆ ಚೆಂಡು ಬಂತು.

ಮೊದಲ ಎಸೆತವೇ ಎತ್ತರದ ಫುಲ್ ಟಾಸ್. ಬ್ರಾವೊ ಅದನ್ನು ಸಿಕ್ಸರ್‌ಗೆ ಅಟ್ಟಿದರು, ಅಂಪೈರ್ ನೋಬಾಲ್ ಎಂದರು. ಒಂದೂ ಅಧಿಕೃತ ಎಸೆತ ಬೀಳದೆ ಏಳು ರನ್ ಹೋಯಿತು, ಮೇಲೆ ಒಂದು ಫ್ರೀ ಹಿಟ್. 17ಕ್ಕೆ 6 ಇದ್ದದ್ದು 10ಕ್ಕೆ 6 ಆಯಿತು. ಆಗಿನ ನಿಯಮದಂತೆ ಇಂಥ ಎಸೆತಕ್ಕೆ ಮೊದಲನೆಯದೇ ಕೊನೆಯ ಎಚ್ಚರಿಕೆ. ಇನ್ನೊಂದು ಬಿದ್ದರೆ ಬೌಲರ್ ಹೊರಕ್ಕೆ. ಅಂದರೆ ಮುಂದಿನ ಐದಾರು ಎಸೆತಗಳಲ್ಲಿ ಮೇಲಿನ ಮೂರು ಡಿಗ್ರಿಯ ಅಂಚು ಅವರಿಗೆ ಮುಚ್ಚಿಹೋಯಿತು. ಭಯ ಕೈಯನ್ನು ಕೆಳಕ್ಕೆ, ಹಾಫ್ ವಾಲಿಯ ಕಡೆಗೆ ಎಳೆಯುತ್ತದೆ. ಐದನೇ ಎಸೆತದಲ್ಲಿ ಜಡೇಜಾ ಸಿಕ್ಸರ್ ಹೊಡೆದು ಮುಗಿಸಿದರು. 1.5 ಓವರ್‌ಗೆ 35 ರನ್. ಅದು ವಿನಯ್ ಅವರ ಕೊನೆಯ ಐಪಿಎಲ್ ಪಂದ್ಯ.

ಆರಂಭದಲ್ಲಿ ಒಂದು ಓವರ್ ಹಾಕಿಸಿ, ಒಂದು ಗಂಟೆಗೂ ಹೆಚ್ಚು ಹೊತ್ತು ಗೆರೆಯ ಮೇಲೆ ನಿಲ್ಲಿಸಿ, ಚೆನ್ನೈನ ಏಪ್ರಿಲ್ ಬೆವರಿನಲ್ಲಿ ನೇರ 20ನೇ ಓವರ್‌ಗೆ ಕರೆದರೆ ಏನಾಗುತ್ತದೆ ಎಂಬುದನ್ನು ಯಾವ ಜಿಲ್ಲಾ ಮಟ್ಟದ ಕೋಚ್ ಕೂಡ ಹೇಳಬಲ್ಲ. ಕೈ ತಣ್ಣಗಾಗಿರುತ್ತದೆ, ರನ್ನಪ್‌ನ ಲಯ ಸಿಕ್ಕಿರುವುದಿಲ್ಲ, ಮೊದಲ ಎಸೆತ ಅಭ್ಯಾಸಕ್ಕೆ ಹೋಗುತ್ತದೆ. ಅಲ್ಲಿ ಅಭ್ಯಾಸಕ್ಕೆ ಎಸೆತ ಇರಲಿಲ್ಲ.

ಎರಡು ಓವರ್‌ಗಳನ್ನು ಎದುರುಬದುರು ಇಡಿ. 6 ಎಸೆತಕ್ಕೆ 9 ಇದ್ದಾಗ ಸೋಲಬೇಕಿದ್ದವನು ಗೆದ್ದ, ಹೆಸರು ಕ್ಯಾಚಿಗೆ. 17 ಇದ್ದಾಗ ಗೆಲ್ಲಬೇಕಿದ್ದವನು ಸೋತ, ಹೆಸರು ಬೌಲರ್‌ಗೆ. ಉಳಿಸಿದ ಓವರ್‌ಗೆ ಹಕ್ಕುದಾರರು ಬಹಳ, ಕಳೆದ ಓವರ್‌ಗೆ ಒಬ್ಬನೇ. ವಿನಯ್ ಸ್ವತಃ ಇದನ್ನೇ ಎತ್ತಿ ಕೇಳಿದರು. ಇದು ಆಟವಷ್ಟೇ, ಸಮಾಧಾನ ಇರಲಿ ಎಂದು ಟ್ವಿಟರ್‌ನಲ್ಲಿ ಬರೆದು, ಆರ್‌ಸಿಬಿ ಎದುರು 9, ಮುಂಬೈ ಎದುರು 10 ರನ್ ಉಳಿಸಿದ್ದಾಗ ನೀವೆಲ್ಲ ಎಲ್ಲಿದ್ದಿರಿ ಎಂಬರ್ಥದ ಪ್ರಶ್ನೆ ಹಾಕಿದರು. ಅಲ್ಲಿ ಹೇಳಿದ 9 ರನ್ ಈ ಪ್ರಕರಣದ್ದೇ.

ಊರಿಗೆ ಈ ಎರಡನೇ ಏಟು ಬೇರೆ ಬಗೆಯಲ್ಲಿ ಬಿತ್ತು. 2014ರಲ್ಲಿ ಜಗಳ ಟೀ ಅಂಗಡಿಯಲ್ಲಿ ಹುಟ್ಟಿ ಅಲ್ಲೇ ಸತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಎಲ್ಲರ ಕೈಯಲ್ಲೂ ಡೇಟಾ. 2018ರ ಆ ರಾತ್ರಿ ಚೆನ್ನೈ, ದಿಲ್ಲಿ, ಕೋಲ್ಕತ್ತದ ಮೀಮ್‌ಗಳು ಹತ್ತೇ ನಿಮಿಷದಲ್ಲಿ ವಿದ್ಯಾನಗರದ, ಪಿಜೆ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದಿಳಿದವು. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂಬ ಹೆಮ್ಮೆಯ ಹೆಸರೇ ಲೇವಡಿಯ ಸರಕಾಯಿತು. ಒಬ್ಬ ಆಟಗಾರನ ಹೆಸರಿಗೆ ಊರಿನ ಹೆಸರು ಅಂಟಿದ್ದರೆ ಅವನ ಅವಮಾನದಲ್ಲಿ ಊರಿಗೂ ಪಾಲು ಬರುತ್ತದೆ. ಮುಂಬೈ ಬೌಲರ್ ಹೊಡೆಸಿಕೊಂಡರೆ ಯಾರೂ ಮುಂಬೈಯನ್ನು ಅಣಕಿಸುವುದಿಲ್ಲ.

ಇದಕ್ಕೆ ಮೊದಲೂ ಹೀಗೆ ಆಗಿತ್ತು. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ ಏಕೈಕ ಟೆಸ್ಟ್‌ನಲ್ಲಿ ವಾರ್ನರ್ 180 ಹೊಡೆದಾಗ. 2013ರ ನವೆಂಬರ್ 2ರಂದು ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಎದುರು 9 ಓವರ್‌ಗೆ 102 ಹೋದಾಗ. ಅವೇ ವರ್ಷಗಳಲ್ಲಿ ಇದೇ ಮನುಷ್ಯ ಏನು ಮಾಡುತ್ತಿದ್ದರು ಎಂಬುದನ್ನು ಟ್ರೋಲ್ ಹಂಚಿದವರು ನೋಡಿರಲೇ ಇಲ್ಲ. 2015ರ ಮಾರ್ಚ್, ವಾಂಖೆಡೆ, ತಮಿಳುನಾಡಿನ ಎದುರು ರಣಜಿ ಫೈನಲ್: 34 ರನ್‌ಗೆ 5 ವಿಕೆಟ್, ಎದುರಾಳಿ 134ಕ್ಕೆ ಆಲೌಟ್, ನಂತರ ಬ್ಯಾಟ್ ಹಿಡಿದು ಅಜೇಯ 105, ಇನಿಂಗ್ಸ್ ಮತ್ತು 217 ರನ್ ಗೆಲುವು, ನಾಯಕನಾಗಿ ಸತತ ಎರಡನೇ ರಣಜಿ. ದಾವಣಗೆರೆಯವರಲ್ಲೂ ಅದನ್ನು ನೇರ ನೋಡಿದವರು ಕಡಿಮೆ. ನಮ್ಮ ನಿಷ್ಠೆಯ ದೋಷ ಇಲ್ಲಿದೆ. ಐದು ದಿನದ ದುಡಿಮೆಯನ್ನು ನೋಡದೆ ಐದು ನಿಮಿಷದ ಓವರ್‌ಗೆ ಮನುಷ್ಯನನ್ನು ತೂಗುತ್ತೇವೆ.

ಏನು ಮಾಡಬಹುದು

ಎರಡು ನಿಷ್ಠೆ ಇಟ್ಟುಕೊಳ್ಳುವುದು ತಪ್ಪಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಲೆಕ್ಕ ಬೇರೆ ಬೇರೆ ಇಡಬೇಕು. ತಂಡವನ್ನು ಋತುವಿನ ಕೊನೆಗೆ ಅಳೆಯಿರಿ. ಬೌಲರ್‌ನನ್ನು ಅಳೆಯಲು ಓವರ್ ಶುರುವಾಗುವ ಮೊದಲೇ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಎಷ್ಟು ಬೇಕು, ಎಷ್ಟು ವಿಕೆಟ್ ಇವೆ, ಚೆಂಡು ಒದ್ದೆಯೇ, ಈ ಬೌಲರ್ ಕೊನೆಯ ಸಲ ಚೆಂಡು ಹಿಡಿದದ್ದು ಯಾವ ಓವರ್‌ನಲ್ಲಿ. 6 ಎಸೆತಕ್ಕೆ 9 ಇದ್ದು ಹೋದರೆ ಬೌಲರ್‌ನನ್ನು ಬೈಯಲು ಕಾರಣವಿಲ್ಲ. 17 ಇದ್ದು ಹೋದರೆ ಕೇಳಬಹುದು, ಆದರೆ ಮೊದಲ ಪ್ರಶ್ನೆ ನಾಯಕನಿಗೆ. ಓವರ್ ಮುಗಿದ ಮೇಲೆ ಹುಡುಕಿದ ಕಾರಣಗಳೆಲ್ಲ ಸಿಟ್ಟಿನ ಕೈಯಲ್ಲಿ ಬರೆದವು.

ಗುಂಪಿನ ಅಡ್ಮಿನ್‌ಗಳಿಗೆ ಒಂದು ಮಾತು. ಕೊನೆಯ ಎಸೆತದ ನಂತರ ಹದಿನೈದು ನಿಮಿಷ ‘ಅಡ್ಮಿನ್ ಮಾತ್ರ’ ಎಂದು ಮಾಡಿಬಿಡಿ. ಜಗಳಗಳಲ್ಲಿ ಹೆಚ್ಚಿನವು ಆ ಹದಿನೈದು ನಿಮಿಷದವು. ಹೊರಗಿನಿಂದ ಬಂದ ಮೀಮ್ ಅನ್ನು ಬೈಯುತ್ತಲೇ ಮುಂದಕ್ಕೆ ಕಳಿಸುವವರನ್ನು ತಡೆಯಿರಿ. ಬೈದು ಕಳಿಸಿದರೂ ಅದು ಹರಡುವುದೇ. ಹಣ ಕಟ್ಟಿ ಪಂದ್ಯ ನೋಡುವವರನ್ನು ಈ ಚರ್ಚೆಯಿಂದ ಹೊರಗಿಡಿ. ಕಳೆದುಕೊಂಡ ಹಣದ ಸಿಟ್ಟಿಗೂ ಅಭಿಮಾನದ ನೋವಿಗೂ ಸಂಬಂಧವಿಲ್ಲ. ಎರಡೂ ಒಂದೇ ಭಾಷೆಯಲ್ಲಿ ಮಾತಾಡುವುದರಿಂದ ಮಾತ್ರ ಒಂದೇ ಎನಿಸುತ್ತವೆ. 2025ರ ಕೇಂದ್ರ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಗಲ್ಲಿಯ ಬೆಟ್ಟಿಂಗ್ ಅದಕ್ಕೂ ಮೊದಲೇ ಅಪರಾಧ.

ಹರಾಜಿನ ದಿನ ತಂಡದ ಪಟ್ಟಿಯನ್ನು ಕನ್ನಡಿಗರ ಲೆಕ್ಕದಲ್ಲಿ ಓದುವ ಅಭ್ಯಾಸ ಒಳ್ಳೆಯದೇ. ಆದರೆ ಪ್ರಶ್ನೆ ಅಲ್ಲಿಗೇ ನಿಲ್ಲಬಾರದು. ದಾವಣಗೆರೆ, ಚಿತ್ರದುರ್ಗದ ಹೆಸರಿನ ತಂಡ ರಾಜ್ಯದ ಲೀಗ್‌ನಲ್ಲಿ ಏಕಿಲ್ಲ ಎಂದು ಕೇಳಬೇಕು, ಕೇಳುತ್ತಲೇ ಇರಬೇಕು. ಮುಖದ ನಿಷ್ಠೆಗೆ ಮನೆ ಹತ್ತಿರ ಒಂದು ಬಾವುಟ ಸಿಗುವ ತನಕ ಊರಿನ ಪ್ರತಿ ಹುಡುಗನೂ ಹರಾಜಿನ ಮೇಜಿನ ಮೇಲೆ ನಮ್ಮನ್ನೂ ಕಟ್ಟಿಕೊಂಡೇ ಹೋಗುತ್ತಾನೆ. ಕರ್ನಾಟಕ ತಂಡದ ರಣಜಿ ಪಂದ್ಯ ಬೆಂಗಳೂರಿನಲ್ಲೋ ಶಿವಮೊಗ್ಗ, ಹುಬ್ಬಳ್ಳಿಯಲ್ಲೋ ಇದ್ದರೆ ಒಂದು ದಿನವಾದರೂ ಹೋಗಿ ಕೂರಿ. ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಸಾಲೂ ಇರುವುದಿಲ್ಲ. 2021ರ ಫೆಬ್ರವರಿಯಲ್ಲಿ ವಿನಯ್ ನಿವೃತ್ತರಾದಾಗ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಇದ್ದವು. ಬಹುಪಾಲು ಅಂಥ ಖಾಲಿ ಗ್ಯಾಲರಿಗಳ ಮುಂದೆ ಬಂದವು.

ಊರಿನ ಕ್ಲಬ್‌ಗಳಲ್ಲಿ ಬೌಲರ್‌ಗಳನ್ನು ತಯಾರು ಮಾಡುವವರಿಗೆ ಈ ಪ್ರಕರಣ ನೇರ ಕೆಲಸ ಕೊಡುತ್ತದೆ. ಹನ್ನೆರಡು ಹಳೆಯ ಲೆದರ್ ಚೆಂಡು, ಒಂದು ಬಕೆಟ್ ನೀರು, ಒಂದು ಟವೆಲ್. ಬ್ಯಾಟ್ಸ್‌ಮನ್ ನಿಲ್ಲುವ ಗೆರೆಯ, ಅಂದರೆ ಪಾಪಿಂಗ್ ಕ್ರೀಸ್‌ನ, ಮುಂದೆ ಒಂದು ಮೀಟರ್ ಉದ್ದ, ಆಫ್ ಸ್ಟಂಪ್‌ನಿಂದ ಹೊರಕ್ಕೆ ಅರ್ಧ ಮೀಟರ್ ಅಗಲದ ಚೌಕ ಎಳೆಯಿರಿ. ಹುಡುಗನನ್ನು ನಲವತ್ತು ನಿಮಿಷ ಬೌಂಡರಿಯಲ್ಲಿ ಫೀಲ್ಡಿಂಗ್‌ಗೆ ನಿಲ್ಲಿಸಿ, ಬೆಚ್ಚಗಾಗಲು ಬಿಡದೆ ನೇರ ಕರೆದು, ನೀರಿನಲ್ಲಿ ಅದ್ದಿದ ಆರು ಚೆಂಡು ಹಾಕಿಸಿ. ಚೌಕದೊಳಗೆ ಬಿದ್ದದ್ದೆಷ್ಟು, ಹಾಫ್ ವಾಲಿ ಎಷ್ಟು, ಫುಲ್ ಟಾಸ್ ಎಷ್ಟು ಎಂದು ಬರೆದಿಡಿ. ನಂತರ ಒಣ ಚೆಂಡಿನಲ್ಲಿ ಇನ್ನಾರು. ಫುಲ್ ಟಾಸ್ ಹೆಚ್ಚಾಗಿದ್ದರೆ ಹಿಡಿತ ಬದಲಿಸಿ, ಚೆಂಡನ್ನು ಬೆರಳಿನೊಳಕ್ಕೆ ಸ್ವಲ್ಪ ಇಳಿಸಿ, ಗುರಿಯನ್ನು ಅರ್ಧ ಅಡಿ ಬೌಲರ್ ಕಡೆಗೆ ತನ್ನಿ. ಹಾಫ್ ವಾಲಿ ಹೆಚ್ಚಾಗಿದ್ದರೆ ತಲೆ ಬೇಗ ಬೀಳುತ್ತಿದೆಯೇ ಎಂದು ನೋಡಿ. ವಾರಕ್ಕೆ ಎರಡು ಸಲ, ದೀಪದ ಬೆಳಕಿನಲ್ಲಿ. ಆ ಹೊತ್ತಿಗೆ ನೆಟ್ಸ್‌ನ ಹಿಂದೆ ನಿಂತು ನೋಡಲು ಗೆಳೆಯರನ್ನೂ ಕರೆಯಿರಿ, ಎಣಿಸುವ ಪುಸ್ತಕವನ್ನು ಅವರ ಕೈಗೇ ಕೊಡಿ.